ರಾಯಕೋಟೆಯ ಬಂಡೆ, ಮೂರು ಕಾಲು

ರಾಯಕೋಟೆಯ ಬೆಟ್ಟದ ಮೇಲೆ ಸಂಜೆಯ ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಬಿಟ್ಟು ಬಿಟ್ಟು ಬಂದು ತಳ್ಳುತ್ತದೆ. ಕೆಳಗೆ ಟೊಮೆಟೊ ಮಂಡಿಯ ಕಡೆಯಿಂದ ಒಂದೊಂದೇ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ನಾನು ಕ್ಯಾಮೆರಾ ಹೂಡಿ ಎರಡೆರಡು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟು ಹತ್ತಾರು ಚಿತ್ರ ತೆಗೆದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಒಂದೊಂದು ದೀಪವೂ ಹುಳದ ಹಾಗೆ ತೆವಳಿತ್ತು. ಹಗುರ ಅಂತ ಕೊಂಡ ಟ್ರೈಪಾಡ್, ಅದರ ಕಾಲಿನ ಕೊನೆಯ ತುಂಡಂತೂ ಪೆನ್ಸಿಲಿನಷ್ಟೇ ದಪ್ಪ. ತಪ್ಪು ಗಾಳಿಯದಲ್ಲ.

ಇದೇ ಊರಿನಲ್ಲಿ ನೂರಾ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬಾತ ನಿಮಿಷಗಟ್ಟಲೆ ಕ್ಯಾಮೆರಾ ಅಲುಗದಂತೆ ನಿಲ್ಲಿಸಿದ್ದ ಎನ್ನುವುದು ಆಮೇಲಿನಿಂದ ನನ್ನನ್ನು ಕಾಡತೊಡಗಿತು.

ಆತ ಕ್ಯಾಪ್ಟನ್ ಲಿನಿಯಸ್ ಟ್ರೈಪ್. ಹೆಸರಿನಲ್ಲೇ ಅರ್ಧ ಟ್ರೈಪಾಡ್ ಇರುವುದು ಕಾಕತಾಳೀಯ, ಆದರೂ ನನಗೆ ಇಷ್ಟ. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಟ್ರೈಪ್ 1854ರಲ್ಲೇ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದವರು. 1856ರಲ್ಲಿ ಮದ್ರಾಸ್ ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡು ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡರು. 1857ರ ಕೊನೆಗೆ ದಕ್ಷಿಣದ ಪ್ರವಾಸ ಹೊರಟರು. 1858ರಲ್ಲಿ ಬಂದ ಅವರ ಚಿತ್ರಸಂಪುಟಗಳಲ್ಲಿ ಮಧುರೆ, ತಂಜಾವೂರು, ಶ್ರೀರಂಗಗಳ ಜೊತೆಗೆ ರಾಯಕೋಟೆಗೂ ಸೇಲಂ ಜಿಲ್ಲೆಯ ಕೆಲವು ಸ್ಥಳಗಳಿಗೂ ಮೀಸಲಾದ ಒಂದು ಸಂಪುಟವಿದೆ. ಆಗ ಈ ಸೀಮೆ ಸೇಲಂ ಜಿಲ್ಲೆಗೆ ಸೇರಿತ್ತು. ಈಗ ಇದು ಇರುವ ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ.

ಅವರಿಗೂ ಹಿಂದೆ, 1792ರಲ್ಲಿ, ಥಾಮಸ್ ಡೇನಿಯಲ್ ಮತ್ತು ಅಣ್ಣನ ಮಗ ವಿಲಿಯಂ ಈ ದಾರಿಯಲ್ಲಿ ಹಾದು ಹೋಗಿ ರಾಯಕೋಟೆಯನ್ನು ಚಿತ್ರಿಸಿದ್ದರು. ಅವರು ಕೈ ನಡುಗಿದರೆ ಅಳಿಸಿ ಮತ್ತೆ ಗೆರೆ ಎಳೆಯಬಹುದಿತ್ತು. ಟ್ರೈಪ್‌ಗೆ ಆ ಸೌಲಭ್ಯವಿರಲಿಲ್ಲ.

ಅವರು ಹೆಚ್ಚಾಗಿ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅಳತೆ ಹೆಚ್ಚುಕಡಿಮೆ 12 ಇಂಚು, 15 ಇಂಚು. ಚಿತ್ರ ಹಿಗ್ಗಿಸುವ ರೂಢಿ ಇರಲಿಲ್ಲ, ನೆಗೆಟಿವನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ ಅಚ್ಚು ತೆಗೆಯಬೇಕು. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ಕ್ಯಾಮೆರಾ. ಅಂಥ ಪೆಟ್ಟಿಗೆಯನ್ನು ಹೊರಲು ದಪ್ಪ ಮರದ ಕಾಲುಗಳು, ಅವನ್ನೆಲ್ಲ ಸಾಗಿಸಲು ಎತ್ತಿನ ಗಾಡಿ, ಗಾಡಿ ಹೋಗದ ಕಡೆ ಹೊರುವವರ ಹೆಗಲು. ಆ ಹೊರುವವರ ಹೆಸರು ಯಾವ ಸಂಪುಟದ ಮೇಲೂ ಇಲ್ಲ.

ಮರ ಕೆಟ್ಟ ಆಯ್ಕೆಯೇನಲ್ಲ. ಅದು ನಡುಕವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಸರ್ವೆ ಮಾಡುವವರು ಇಂದಿಗೂ ಮರದ ಸ್ಟ್ಯಾಂಡ್ ಬಿಟ್ಟಿಲ್ಲ. ಅದರ ತೊಂದರೆ ತೂಕ ಒಂದೇ. ತೂಕ ಸಾಗಿಸುವುದೆಂದರೆ ಖರ್ಚು: 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್ ಟ್ರೈಪ್ ಅವರ ಈ ಛಾಯಾಗ್ರಹಣವೆಲ್ಲ ಸರ್ಕಾರಕ್ಕೆ ದುಬಾರಿಯ ಶೋಕಿ ಎಂದು ಬಗೆದು ನಿಲ್ಲಿಸಿಬಿಟ್ಟರು.

ಮರದ ಕಾಲಿನ ಆ ತೂಕವನ್ನು ಇಳಿಸಿದ ವಸ್ತು ಹುಟ್ಟಿದ್ದು ಕ್ಯಾಮೆರಾದವರ ಕೈಯಲ್ಲಿ ಅಲ್ಲ. 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಬಹು ಗಟ್ಟಿಯಾದ ಕಾರ್ಬನ್ ಎಳೆಗಳನ್ನು ಪಡೆದರು. ಸ್ವಲ್ಪದರಲ್ಲೇ ಜಪಾನಿನ ಅಕಿಯೊ ಶಿಂಡೊ, ನಮ್ಮ ಅಕ್ರಿಲಿಕ್ ಸ್ವೆಟರ್‌ಗಳ ನೂಲಿಗೆ ದಾಯಾದಿಯಾದ ಎಳೆಯಿಂದಲೇ ಕಾರ್ಬನ್ ನಾರು ತಯಾರಿಸುವ ದಾರಿ ತೋರಿಸಿದರು. ಆ ಎಳೆಯನ್ನು ಮೊದಲು ಗಾಳಿಯಲ್ಲಿ ಇನ್ನೂರು ಮುನ್ನೂರು ಡಿಗ್ರಿಗೆ ಕಾಯಿಸಬೇಕು. ಆಮೇಲೆ ಆಮ್ಲಜನಕ ಸೋಕದಂತೆ ಸಾವಿರ ಡಿಗ್ರಿ ದಾಟಿಸಬೇಕು. ಉಳಿದೆಲ್ಲ ಹಾರಿಹೋಗಿ ಇಂಗಾಲದ ಎಳೆ ಉಳಿಯುತ್ತದೆ, ತಲೆಗೂದಲಿನ ಹತ್ತನೇ ಒಂದು ಪಾಲಿನಷ್ಟು ಸಣ್ಣದು. ಅದನ್ನು ರಾಳದಲ್ಲಿ ಅದ್ದಿ, ಪದರ ಪದರವಾಗಿ ಸುತ್ತಿ, ಬೇಯಿಸಿದರೆ ಕೊಳವೆ ಆಯಿತು.

ಈ ವಿದ್ಯೆ ಮೊದಲು ಕೈಗೆತ್ತಿಕೊಂಡದ್ದು ವಿಮಾನದವರು. ರಾಯಕೋಟೆಯಿಂದ ಎರಡು ತಾಸಿನ ದಾರಿಯ ಬೆಂಗಳೂರಿನಲ್ಲೇ 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್‌ನ ಒಡಲಿನಲ್ಲಿ ತೂಕದ ಲೆಕ್ಕಕ್ಕೆ ಶೇ 45ರಷ್ಟು ಇಂಥ ನಾರಿನ ಸಂಯುಕ್ತ ವಸ್ತುವೇ. ಟ್ರೈಪಾಡಿನ ಕಾಲಿಗೆ ಅದು ಬಂದದ್ದು 1994ರಲ್ಲಿ, ಫ್ರಾನ್ಸ್ ಮೂಲದ ಗಿಟ್ಜೊ ಕಂಪನಿಯಿಂದ.

ಇಷ್ಟು ತಿಳಿದುಕೊಂಡೇ ಎರಡನೇ ಸಲ ಅಂಗಡಿಗೆ ಹೋದೆ. “ಸಾರ್, ಇದು ಹದಿನೈದು ಕೆಜಿ ತಡೆಯುತ್ತೆ” ಎಂದು ಹುಡುಗ ಪೆಟ್ಟಿಗೆ ತೋರಿಸಿದ. ಆ ಅಂಕಿಯನ್ನು ನಂಬಿ ಕೊಳ್ಳಬೇಡಿ. ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಗೋಲು ಅದಕ್ಕಿಲ್ಲ. ಮುರಿಯದೆ ಹೊರುವುದು ಬೇರೆ, ಅಲುಗದೆ ಹೊರುವುದು ಬೇರೆ. ನೋಡಬೇಕಾದ್ದು ಕೊಳವೆಯ ದಪ್ಪ. ಗೋಡೆಯ ದಪ್ಪ ಅಷ್ಟೇ ಇದ್ದರೂ 22 ಮಿ.ಮೀ. ಕೊಳವೆಗಿಂತ 28 ಮಿ.ಮೀ. ಕೊಳವೆ ಬಾಗದಂತೆ ಎರಡರಷ್ಟು ತಡೆದು ನಿಲ್ಲುತ್ತದೆ. ಐದು ಮಡಿಕೆಯ ಕಾಲು ಚೀಲದಲ್ಲಿ ಚೆನ್ನಾಗಿ ಕೂರುತ್ತದೆ ನಿಜ, ಆದರೆ ಕೊನೆಯ ಮಡಿಕೆ ಕಡ್ಡಿಯಾಗಿರುತ್ತದೆ. ಬೆಟ್ಟ ಹತ್ತುವವರಿಗೆ ಮೂರು ಅಥವಾ ನಾಲ್ಕು ಮಡಿಕೆಯೇ ಸರಿ.

ಅಂಗಡಿಯಲ್ಲೇ ಕಾಲುಗಳನ್ನು ಪೂರ್ತಿ ಎಳೆದು, ಲಾಕ್ ಬಿಗಿದು, ಮೇಲಿನ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮಿಕ್ಸಿ ಜಾರಿನ ಮುಚ್ಚಳದಂತೆ ತಿರುಚಿ ನೋಡಿ. ನಾರುಗಳನ್ನು ಉದ್ದಕ್ಕಷ್ಟೇ ಜೋಡಿಸಿದ ಕೊಳವೆ ಬಾಗದೆ ನಿಂತೀತು, ತಿರುಚಿದರೆ ಸೋಲುತ್ತದೆ. ಓರೆಯಾಗಿಯೂ ಪದರ ಸುತ್ತಿದ್ದರೆ ಕೈಗೇ ಗೊತ್ತಾಗುತ್ತದೆ. ನಡುಗಂಬ ಏರಿಸಿದರೆ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದ ಹಾಗೆ, ಆದಷ್ಟು ಏರಿಸಬೇಡಿ. ನಡುಗಂಬದ ಕೊಕ್ಕೆಗೆ ಚೀಲ ನೇತುಹಾಕುವುದಾದರೆ ಅದರ ತಳ ನೆಲ ಮುಟ್ಟಲಿ, ಇಲ್ಲದಿದ್ದರೆ ಗಾಳಿಗೆ ಅದೇ ತೊಟ್ಟಿಲಾಗುತ್ತದೆ. ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಏಟು ಬಿದ್ದರೆ ತಗ್ಗಾಗುತ್ತದೆ, ಕಾರ್ಬನ್ ಬಿರುಕು ಬಿಡುತ್ತದೆ. ಬಂಡೆಗೆ ಬಡಿದರೆ ಕೊಳವೆಯ ಮೇಲೆ ಉಗುರಾಡಿಸಿ ನೋಡಿ.

ಮಾಗಿಯಲ್ಲಿ ಮತ್ತೆ ರಾಯಕೋಟೆಗೆ ಹೋದೆ. ಹೊಸ ಟ್ರೈಪಾಡ್, ಕ್ಯಾಮೆರಾ ಕೂರಿಸುವ ತಲೆ ಸೇರಿ ಎರಡೂವರೆ ಕೆಜಿ, ನನ್ನ ಹೆಗಲ ಮೇಲೇ ಹತ್ತಿತು. ಒಂದು ಕಾಲನ್ನು ಇಳಿಜಾರಿನ ಕಡೆಗೆ ಚಾಚಿ, ರಬ್ಬರ್ ಪಾದಗಳನ್ನು ಕರಿಬಂಡೆಯ ತರಿಗೆ ಒತ್ತಿ ಕೂರಿಸಿ, ಕೈ ತೆಗೆದು ದೂರ ನಿಂತೆ. ಒಂದು ನಿಮಿಷದ ಎಕ್ಸ್‌ಪೋಷರ್. ಟ್ರೈಪ್ ಕಾಲದ ನೆಗೆಟಿವ್‌ಗಳಲ್ಲಿ ಆಕಾಶ ಬರಿದಾಗಿಯೇ ಮೂಡುತ್ತಿತ್ತು, ಎಷ್ಟೋ ಚಿತ್ರಗಳಿಗೆ ಅವರು ಕೈಯಿಂದಲೇ ಮೋಡ ಬಿಡಿಸಿದ್ದರು. ನನ್ನ ಚಿತ್ರದಲ್ಲಿ ಮೋಡ ಪೂರ್ವದಿಂದ ಪಶ್ಚಿಮಕ್ಕೆ ಎಳೆದ ಅರಳೆಯಂತೆ ಸರಿದಿತ್ತು. ಕೋಟೆಯ ಗೋಡೆಯ ಕಲ್ಲುಗಳ ಸಂದು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿತ್ತು.