ಮಾತಿಲ್ಲದೆ ಎಲ್ಲ ಹೇಳಿದ ‘ಪುಷ್ಪಕ ವಿಮಾನ’

ಮಾತನ್ನೇ ನಂಬಿ ಬದುಕುವ ರೇಡಿಯೋದವರು ಮಾತೇ ಇಲ್ಲದ ಸಿನಿಮಾ ಬಗ್ಗೆ ಬರೆಯುವುದೇ ಎಂದು ನಗಬೇಡಿ. ಕಾರಣವಿದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ನಮ್ಮ ಪುಣೆಗೆ ಹೆಚ್ಚು ದೂರವಿಲ್ಲದ ಕೊಲ್ಹಾಪುರದಲ್ಲಿ. ಹಾಗೆ ಮಾತು ಕಲಿತ ಕನ್ನಡ ಸಿನಿಮಾ 53 ವರ್ಷಗಳ ನಂತರ, 1987ರಲ್ಲಿ, ಬೇಕೆಂದೇ ಬಾಯಿಗೆ ಬೀಗ ಹಾಕಿಕೊಂಡಿತು. ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನದ, ಬೆಂಗಳೂರಿನಲ್ಲಿ ಚಿತ್ರಿಸಿದ ‘ಪುಷ್ಪಕ ವಿಮಾನ’ದಲ್ಲಿ ಒಂದೇ ಒಂದು ಸಂಭಾಷಣೆಯೂ ಇಲ್ಲ.

ಕಥಾನಾಯಕ (ಕಮಲ್ ಹಾಸನ್) ಡಿಗ್ರಿ ಹಿಡಿದು ಕೆಲಸದ ಕ್ಯೂನಲ್ಲಿ ನಿಲ್ಲುವ ಹುಡುಗ. ಒಂದು ರಾತ್ರಿ ಕುಡಿದು ಬಿದ್ದಿದ್ದ ಶ್ರೀಮಂತನೊಬ್ಬ ಸಿಗುತ್ತಾನೆ. ಹುಡುಗ ಅವನನ್ನು ತನ್ನ ಬಾಡಿಗೆ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಪಂಚತಾರಾ ಹೋಟೆಲ್ ಕೋಣೆಗೆ ತಾನು ಸೇರುತ್ತಾನೆ. ಸೂಟು ಹಾಕಿದ ಮೇಲೆ ಎಲ್ಲರೂ ಸಲಾಮು ಹೊಡೆಯುವವರೇ!

ಆದರೆ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ. ಅವನ ಹಳೆಯ ಕೋಣೆಗೆ ಪಕ್ಕದ ಚಿತ್ರಮಂದಿರದ ಗದ್ದಲವೇ ಜೋಗುಳವಾಗಿತ್ತು. ಕೊನೆಗೆ ಆ ಗದ್ದಲವನ್ನು ಟೇಪ್ ಮಾಡಿಕೊಂಡು ಬಂದು, ಕೇಳುತ್ತ ಮಲಗುತ್ತಾನೆ. ವೇಷ ಬದಲಿಸಬಹುದು, ಕಿವಿಯನ್ನು ಬದಲಿಸಲಾಗದು. ಇದನ್ನು ನೂರು ಮಾತಿಗಿಂತ ಚೆನ್ನಾಗಿ ಒಂದು ಸದ್ದು ಹೇಳುತ್ತದೆ. ಊರು ಬಿಟ್ಟು ಪುಣೆಗೆ ಬಂದ ನಮಗೂ ಇದು ಹೊಸತೇನಲ್ಲ ಬಿಡಿ.

ಶ್ರೀಮಂತನ ಕೋಣೆಯ ಜೊತೆಗೆ ಶ್ರೀಮಂತನ ಶತ್ರುಗಳೂ ಬರುತ್ತಾರೆ. ಮಂಜುಗಡ್ಡೆಯ ಚೂರಿ ಹಿಡಿದ ಕೊಲೆಗಾರ (ಟೀನೂ ಆನಂದ್) ಬೆನ್ನು ಹತ್ತುವುದು ಇವನಿಗೇ. ಬೀದಿಯಲ್ಲಿ ದುಡ್ಡು ಕೂಡಿಟ್ಟ ಭಿಕ್ಷುಕನೊಬ್ಬ ಸತ್ತಾಗ, ಜನ ನೋಟಿಗೆ ಮುಗಿಬೀಳುತ್ತಾರೆ, ಹೆಣ ಅನಾಥ. ಅಲ್ಲಿಗೆ ಹುಡುಗನ ಕಣ್ಣು ತೆರೆಯುತ್ತದೆ. ಪ್ರೀತಿಸಿದ ಹುಡುಗಿಗೆ (ಅಮಲಾ) ನಿಜ ಹೇಳುತ್ತಾನೆ. ಅವಳು ವಿಳಾಸ ಬರೆದುಕೊಟ್ಟ ಚೀಟಿ ಗಾಳಿಗೆ ಹಾರಿಹೋಗುತ್ತದೆ. ಹುಡುಗ ಮತ್ತೆ ಕ್ಯೂನಲ್ಲಿ!

ವಾಕ್ಚಿತ್ರಗಳು ಬಂದ ಮೇಲೂ ಚಾಪ್ಲಿನ್ 1931ರಲ್ಲಿ ‘ಸಿಟಿ ಲೈಟ್ಸ್’ ಮಾಡಿ, ಕುಡಿದಾಗ ಮಾತ್ರ ಬಡವನನ್ನು ಗೆಳೆಯನೆನ್ನುವ ಕೋಟ್ಯಧೀಶನನ್ನು ತೋರಿಸಿದ್ದ. ‘ಪುಷ್ಪಕ’ವೂ ಅದೇ ದಾರಿಯದು. ಹೆಸರನ್ನಷ್ಟೇ ಬದಲಿಸಿಕೊಂಡು ಅದು ಹಿಂದಿ, ತಮಿಳು, ತೆಲುಗು ಪ್ರೇಕ್ಷಕರನ್ನೂ ತಲುಪಿತು. ಡಬ್ಬಿಂಗ್ ಗೊಡವೆಯೇ ಇಲ್ಲ! ರಾಷ್ಟ್ರಪ್ರಶಸ್ತಿಯೂ ಬಂತು.

ಈ ಭಾನುವಾರ ಪಕ್ಕದ ಮನೆಯ ಮರಾಠಿ ಗೆಳೆಯರನ್ನೂ ಕೂರಿಸಿಕೊಂಡು ನೋಡಿ. ಯಾರೂ ಯಾರಿಗೂ ಅರ್ಥ ಹೇಳಬೇಕಾಗಿಲ್ಲ.