ಸಿಗಡಿಯ ಕಾವಲು ಪ್ರೋಟೀನು

ಸಿಗಡಿ ನಮ್ಮಂತೆ ಪ್ರತಿಕಾಯ ತಯಾರಿಸಲಾರದು. ಅದನ್ನು ಕಾಯುವ ಟೋಲ್ ಎಂಬ ಪ್ರೋಟೀನಿನ ಬೆನ್ನುಹತ್ತಿಯೇ ಮಂಗಳೂರಿನಲ್ಲಿ ನನ್ನ ವೃತ್ತಿಜೀವನ ಕಳೆದಿದೆ.

ಟೋಲ್ ಇರುವುದು ಜೀವಕೋಶದ ಪೊರೆಯಲ್ಲಿ, ಮನೆಬಾಗಿಲ ಕರೆಗಂಟೆಯ ಹಾಗೆ. ಹೊರಗೆ ರೋಗಾಣು ಬಂದ ಸುಳಿವು ಸಿಕ್ಕರೆ ಒಳಗಿನ ಮೈಡಿ88 ಪ್ರೋಟೀನಿಗೆ ಮುಟ್ಟಿಸುತ್ತದೆ. ಸಂಕೇತ ಕೋಶಕೇಂದ್ರ ತಲುಪಿದರೆ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್‌ಗಳ ತಯಾರಿ ಶುರು. ಹಣ್ಣುನೊಣದ ರಕ್ಷಣೆಯಲ್ಲಿ ಟೋಲ್‌ನ ಪಾತ್ರವನ್ನು 1996ರಲ್ಲಿ ತೋರಿಸಿದ ಜೂಲ್ಸ್ ಹಾಫ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು.

ಸಿಗಡಿ ರೋಗಗಳ ಅಧ್ಯಯನದಲ್ಲಿ ನಮ್ಮೂರಿಗೆ ಹೆಸರು ತಂದವರು ಮೀನುಗಾರಿಕಾ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ದಂಪತಿ. ಸಿಗಡಿಮರಿಗಳು ರಾಶಿರಾಶಿಯಾಗಿ ಸತ್ತದ್ದಕ್ಕೆ ಆ್ಯಂಟಿಬಯೋಟಿಕ್‌ಗೆ ಬಗ್ಗದ ವಿಬ್ರಿಯೊ ಹಾರ್ವೆಯಿ ಕಾರಣವೆಂದು ಅವರು 1994ರಲ್ಲೇ ಬರೆದರು. ಮದ್ದು ಸೋತ ಮೇಲೆ ಸಿಗಡಿಯ ಸ್ವಂತ ಶಕ್ತಿಯನ್ನೇ ಅರಿಯಬೇಕಲ್ಲವೇ? ನನ್ನನ್ನು ಎಳೆದದ್ದು ಆ ಪ್ರಶ್ನೆ.

ಕೆಲಸ ನಾಜೂಕಿನದು. ಟೋಲ್ ವಂಶವಾಹಿ ಎಷ್ಟು ಚುರುಕಾಗಿದೆಯೆಂದು ಅಳೆಯಲು ಸೋಂಕಿತ ಸಿಗಡಿಯ ಕಿವಿರನ್ನು ಮಂಜುಗಡ್ಡೆಯ ಮೇಲಿಟ್ಟು ಆರ್‌ಎನ್‌ಎ ತೆಗೆಯುತ್ತೇವೆ. ಬರಿಗೈ ತಾಗಿದರೆ ಮುಗಿಯಿತು, ನಮ್ಮ ಚರ್ಮದ ಕಿಣ್ವವೇ ಅದನ್ನು ಚೂರು ಮಾಡುತ್ತದೆ.

ಬಿಳಿಚುಕ್ಕೆ ವೈರಸ್ ಮಾತ್ರ ಇಂದಿಗೂ ನನ್ನ ನಿದ್ದೆ ಕೆಡಿಸುತ್ತದೆ. ಸಿಗಡಿ ತನ್ನ ರಕ್ಷಣೆಗೆ ಹೊರಡಿಸಿದ ಸಂಕೇತವನ್ನೇ ಅದು ತನ್ನ ವಂಶವಾಹಿ ಚುರುಕುಗೊಳಿಸಲು ಬಳಸಿಕೊಳ್ಳುತ್ತದೆ. ಈ ಕಳ್ಳದಾರಿಯನ್ನು ಎಲ್ಲಿ ಕಡಿಯಬೇಕೆಂದು ಈಗ ಹುಡುಕುತ್ತಿದ್ದೇನೆ.