ಒಂದು ಹನಿ ರಕ್ತ, ಕಾಲು ಗಂಟೆ

ಮನೆಯಲ್ಲಿ ಒಬ್ಬರಿಗೆ ನಡುಕ ಬರುತ್ತದೆ. ಎರಡು ಕಂಬಳಿ ಹೊದಿಸಿದರೂ ಚಳಿ ನಿಲ್ಲದು. ಆಮೇಲೆ ಮೈ ಕಾದ ಹಂಚಿನ ಹಾಗೆ ಸುಡುತ್ತದೆ. ಕೊನೆಗೆ ಬೆವರು ಸುರಿದು ಜ್ವರ ಇಳಿಯುತ್ತದೆ. "ಜ್ವರ ಬಿಡ್ತು" ಅಂತ ಮರುದಿನ ಹೊಲಕ್ಕೆ ಹೋಗುತ್ತಾರೆ. ಅಲ್ಲೇ ಮತ್ತೆ ನಡುಕ.

ಇದು ಮಲೇರಿಯಾ ಇರಬಹುದು. ಇರಬಹುದು ಅಷ್ಟೆ. ಬೇರೆ ಜ್ವರದಲ್ಲೂ ಚಳಿ ಬರುತ್ತದೆ, ಮೈ ಸುಡುತ್ತದೆ. ಮೈ ಮುಟ್ಟಿ ನೋಡಿ ಇದು ಇಂಥದೇ ಜ್ವರ ಅನ್ನಲು ಡಾಕ್ಟರಿಗೂ ಆಗದು. ರಕ್ತ ನೋಡಲೇಬೇಕು.

ಹಿಂದೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು ಹೋಗುತ್ತಿದ್ದರು. ದೂರದ ಹಳ್ಳಿಗಳಿಗೆ ಉತ್ತರ ಬರಲು ದಿನಗಟ್ಟಲೆ ಕಾಯಬೇಕಿತ್ತು. ಈಗ ಮಲೇರಿಯಾ ಇರುವ ಊರುಗಳಲ್ಲಿ ಆಶಾ ಕಾರ್ಯಕರ್ತೆಯ ಹತ್ತಿರ ಒಂದು ಸಣ್ಣ ಕಾರ್ಡು ಇರುತ್ತದೆ. ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

"ರಕ್ತ ತೆಗೆದರೆ ಸುಸ್ತಾಗಲ್ವಾ ಅಕ್ಕಾ?" ಅಂತ ಕೆಲವರು ಕೇಳುತ್ತಾರೆ. ಬೇಕಾದದ್ದು ಸಾಸಿವೆ ಕಾಳಿನಷ್ಟು ರಕ್ತ. ಸೂಜಿ ಮಾತ್ರ ಹೊಸದೇ ಆಗಿರಬೇಕು. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಬಾರದು.

ರಕ್ತದ ಹನಿಯನ್ನು ಕಾರ್ಡಿನ ಕುಳಿಯಲ್ಲಿ ಇಡುತ್ತಾರೆ. ಆಮೇಲೆ ಔಷಧಿ ನೀರಿನ ಹನಿ ಬಿಡುತ್ತಾರೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಒಳಗಿನ ಪಟ್ಟಿ ರಕ್ತವನ್ನು ಹೀರುತ್ತದೆ. ಮಲೇರಿಯಾ ರೋಗಾಣು ತನ್ನದೇ ಒಂದು ವಸ್ತುವನ್ನು ರಕ್ತಕ್ಕೆ ಬಿಟ್ಟಿರುತ್ತದೆ. ಪಟ್ಟಿಯಲ್ಲಿರುವ ಬಣ್ಣ ಅದನ್ನು ಹಿಡಿದುಕೊಳ್ಳುತ್ತದೆ. ಹೊಲದಲ್ಲಿ ಉತ್ತರಾಣಿ ಬೀಜ ಸೀರೆಯ ಅಂಚಿಗೆ ಹತ್ತಿಕೊಳ್ಳುತ್ತದಲ್ಲ, ಹಾಗೆ. ಅದು ಹೋಗಿ ನಿಂತ ಕಡೆ ಗೆರೆ ಮೂಡುತ್ತದೆ.

ಈಗ ಕಾರ್ಡನ್ನು ನೀವೇ ಓದಿ. ಒಂದು ಕಡೆ ಇಂಗ್ಲಿಷಿನ 'ಸಿ' ಅಕ್ಷರ ಇದೆ. ಅದು ಕುಡುಗೋಲಿನ ಹಾಗೆ ಬಾಗಿರುತ್ತದೆ. ಅದರ ಎದುರು ಗೆರೆ ಬರಲೇಬೇಕು. ಬಾರದಿದ್ದರೆ ಆ ಕಾರ್ಡು ಕೆಟ್ಟಿದೆ, ಬೇರೆ ಕಾರ್ಡಿನಲ್ಲಿ ನೋಡಬೇಕು. ಅಲ್ಲಿ ಮಾತ್ರ ಗೆರೆ ಬಂದರೆ ಮಲೇರಿಯಾ ಕಂಡಿಲ್ಲ ಎಂದರ್ಥ. ಇನ್ನೊಂದು ಗೆರೆಯೂ ಬಂದರೆ ಮಲೇರಿಯಾ ಇದೆ. ಗೆರೆ ತೆಳುವಾಗಿದ್ದರೂ ಇದೆ. ಪೊಟ್ಟಣದ ಮೇಲಿನ ತಾರೀಖನ್ನೂ ಓದಿ. ಅವಧಿ ಮುಗಿದ ಕಾರ್ಡು ಬೇಡ ಎನ್ನಿ. ಅಕ್ಷರ ಕಲಿತವರು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಕೇಳಿ.

ಎರಡು ಬಗೆಯ ಮಲೇರಿಯಾವನ್ನೂ ತೋರಿಸುವ ಕಾರ್ಡು ನಮ್ಮ ದೇಶದಲ್ಲಿ 2013ರಿಂದ ಬಳಕೆಗೆ ಬಂತು. ಬಗೆ ತಿಳಿಯುವುದು ಮುಖ್ಯ. ಯಾಕೆಂದರೆ ಗುಳಿಗೆ ಬೇರೆ ಬೇರೆ. ಫಾಲ್ಸಿಪಾರಂ ಎಂಬುದು ಮಿದುಳಿಗೆ ಏರಿ ಜೀವ ತೆಗೆಯಬಹುದು. ಅದಕ್ಕೆ ಅಂದೇ ಔಷಧಿ ಶುರುವಾಗಬೇಕು. ವೈವಾಕ್ಸ್ ಎಂಬುದು ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ. ಅದನ್ನು ಅಲ್ಲಿಂದ ಓಡಿಸಲು 14 ದಿನ ಗುಳಿಗೆ ನುಂಗಬೇಕು. ಮೂರನೇ ದಿನಕ್ಕೇ ಜ್ವರ ಬಿಡುತ್ತದೆ, ಉಳಿದ ಗುಳಿಗೆ ಗೂಡಿನಲ್ಲೇ ಉಳಿಯುತ್ತದೆ. ಹೀಗಾಗಬಾರದು. ಆದರೆ ಮೂತ್ರ ಕಪ್ಪಗೆ ಬಂದರೆ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬಸುರಿಯರಿಗೆ ಈ 14 ದಿನದ ಗುಳಿಗೆ ಕೊಡಬಾರದು. ಮುಟ್ಟು ನಿಂತಿದ್ದರೆ ನಾಚದೆ ಮೊದಲೇ ಹೇಳಿ.

ಜ್ವರದವರಿಗೆ ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಕಾರ್ಡಿಗೆ ಕಾಯಬೇಡಿ. ನೇರ ಆಸ್ಪತ್ರೆಗೆ ಒಯ್ಯಿರಿ. ಕಾರ್ಡಿನಲ್ಲಿ ಏನೂ ಕಾಣದೆ ಜ್ವರ ಮಾತ್ರ ಬಿಡದಿದ್ದರೂ ಆಸ್ಪತ್ರೆಗೆ ಹೋಗಬೇಕು. ರೋಗಾಣು ಕಡಿಮೆ ಇದ್ದರೆ ಕಾರ್ಡಿಗೆ ಸಿಗದೆ ಹೋಗಬಹುದು. ಬೇರೆ ಜ್ವರವೂ ಇರಬಹುದು.

ಇನ್ನೊಂದು ಮಾತು. ಫಾಲ್ಸಿಪಾರಂ ವಾಸಿಯಾದ ಮೇಲೂ ಕೆಲವು ವಾರ ಕಾರ್ಡಿನಲ್ಲಿ ಗೆರೆ ಬರುವುದುಂಟು. ರೋಗಾಣು ಸತ್ತರೂ ಅದು ಬಿಟ್ಟ ವಸ್ತು ರಕ್ತದಲ್ಲಿ ಉಳಿದಿರುತ್ತದೆ. ಆಗ ಸರಿಯಾಗಿ ತಿಳಿಯಲು ಗಾಜಿನ ಪಟ್ಟಿಯ ಹಳೆಯ ಪರೀಕ್ಷೆಯನ್ನೇ ಮಾಡಿಸಬೇಕು.